ಒಂದೇ ಕರ್ನಲ್, ಮೂರು ಆರ್ಕಿಟೆಕ್ಚರ್: ಮೆಮೊರಿ ಅಲೊಕೇಟರ್ ಹೊಂದಾಣಿಕೆ, ಲಾಗ್ 3

ಲಿನಕ್ಸ್ 6.12 ಈಗ ಎಕ್ಸ್86-64, ಆರ್ಮ್64, ರಿಸ್ಕ್-ವಿ ಮೂರರಲ್ಲೂ ಬೂಟ್ ಆಗುತ್ತಿದೆ. ಎಲ್ಲವೂ ಕ್ಯೂಇಎಂಯು (ಯಂತ್ರವನ್ನು ಅನುಕರಿಸುವ ತಂತ್ರಾಂಶ), ತಲಾ 8 ಜಿಬಿ ರ‍್ಯಾಮ್, ಟ್ರಾನ್ಸ್‌ಪರೆಂಟ್ ಹ್ಯೂಜ್‌ಪೇಜ್ (ಚಿಕ್ಕ ಪುಟಗಳ ಬದಲು ದೊಡ್ಡ ಪುಟ ಕೊಡುವ ವ್ಯವಸ್ಥೆ) ಆನ್. ಕರ್ನಲ್ ಒಳಗೆ ಮೆಮೊರಿ ಹಂಚುವ ಅಲೊಕೇಟರ್ ಆರಿಸುವ ಪ್ರಶ್ನೆ ಇಲ್ಲ; 6.8ರಲ್ಲಿ ಹಳೆಯ ಸ್ಲ್ಯಾಬ್ ಹೋದ ಮೇಲೆ ಉಳಿದಿರುವುದು ಸ್ಲಬ್ ಒಂದೇ.

ಮೊದಲು ಕೆಮ್ಯಾಲಕ್ (ಕರ್ನಲ್ ಒಳಗೆ ಮೆಮೊರಿ ಕೇಳುವ ಕರೆ) ಕೊಡುವ ಅತಿ ಚಿಕ್ಕ ಗಾತ್ರ. ಎಕ್ಸ್86ನಲ್ಲಿ ಡಿಎಂಎ (ಸಾಧನಗಳು ಸಿಪಿಯು ಬಿಟ್ಟು ನೇರ ಮೆಮೊರಿ ಮುಟ್ಟುವುದು) ಮತ್ತು ಸಿಪಿಯು ಕ್ಯಾಶ್ ತಾವಾಗಿಯೇ ಹೊಂದಿಕೊಳ್ಳುವುದರಿಂದ ಅದು 8 ಬೈಟ್. ಆರ್ಮ್64ನಲ್ಲಿ 6.5ಕ್ಕಿಂತ ಮೊದಲು 128 ಬೈಟ್ ಇತ್ತು, ಅಂದರೆ 8 ಬೈಟ್ ಕೇಳಿದರೂ 128 ಹೋಗುತ್ತಿತ್ತು. ಈಗ 8ಕ್ಕೆ ಇಳಿದಿದೆ, ಆದರೆ ಷರತ್ತಿನ ಮೇಲೆ: ಚಿಕ್ಕ ಡಿಎಂಎ ಬಫರ್‌ಗಳನ್ನು ಸ್ವಯೊಟಿಎಲ್‌ಬಿ (ಕರ್ನಲ್‌ನ ನಡುವಿನ ಬಫರ್ ವ್ಯವಸ್ಥೆ) ನಕಲು ಮಾಡಿ ಸಾಗಿಸಬೇಕು. ಮೆಮೊರಿ ಉಳಿಸಲೆಂದು ಬೂಟ್ ಸಾಲಿನಲ್ಲಿ "ಸ್ವಯೊಟಿಎಲ್‌ಬಿ=ನೋಫೋರ್ಸ್" ಕೊಟ್ಟರೆ ಕನಿಷ್ಠ ಗಾತ್ರ ಮತ್ತೆ ಕ್ಯಾಶ್ ಲೈನಿನಷ್ಟಕ್ಕೆ (ಸಿಪಿಯು ಕ್ಯಾಶ್ ಒಮ್ಮೆಗೆ ತರುವ ತುಂಡು), ಸಾಮಾನ್ಯವಾಗಿ 64ಕ್ಕೆ, ಏರುತ್ತದೆ. ಒಂದು ಕಡೆ ಉಳಿಸಿದ್ದು ಇನ್ನೊಂದು ಕಡೆ ಸೋರಿಹೋಗುತ್ತದೆ. ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಸ್ಥಿತಿ ತೋರಿಸುವ ಕಡತಗಳು) ಸ್ಲ್ಯಾಬ್ ಅಂಕಿ (ಸ್ಲಬ್‌ನದೇ, ಹೆಸರು ಮಾತ್ರ ಹಳೆಯದು) ಓದುವ ಮುನ್ನ "ಸ್ಲ್ಯಾಬ್_ನೋಮರ್ಜ್" ಹಾಕಿ ಬೂಟ್ ಮಾಡಿ. ಇಲ್ಲದಿದ್ದರೆ ಅಲೊಕೇಟರ್‌ನ ಬೇರೆ ಬೇರೆ ಕ್ಯಾಶ್‌ಗಳು (ಒಂದೇ ಗಾತ್ರದ ಆಬ್ಜೆಕ್ಟ್‌ಗಳ ಸಂಗ್ರಹ, ಸಿಪಿಯು ಕ್ಯಾಶ್ ಅಲ್ಲ) ಒಂದಾಗಿ ಲೆಕ್ಕ ತಪ್ಪುತ್ತದೆ.

ಇಲ್ಲೊಂದು ಎಚ್ಚರಿಕೆ. ಡಿಎಂಎ ಬಫರ್ ಪಕ್ಕದ ಆಬ್ಜೆಕ್ಟ್ ಜೊತೆ ಕ್ಯಾಶ್ ಲೈನ್ ಹಂಚಿಕೊಂಡಿದ್ದರೆ, ಆ ಲೈನನ್ನು ಅಮಾನ್ಯಗೊಳಿಸಿದಾಗ ಪಕ್ಕದವನು ಬರೆದದ್ದೂ ಅಳಿಸಿಹೋಗುತ್ತದೆ. ಕ್ಯೂಇಎಂಯು ಕ್ಯಾಶ್ ವರ್ತನೆಯನ್ನು ಅನುಕರಿಸುವುದಿಲ್ಲ, ಹಾಗಾಗಿ ಈ ದೋಷ ಅಲ್ಲಿ ಎಂದೂ ಕಾಣದು. ನಿಜವಾದ ಬೋರ್ಡಿನಲ್ಲೇ, ಡಿಎಂಎ ಎಪಿಐ ಡೀಬಗ್ ಆನ್ ಮಾಡಿ ನೋಡಬೇಕು.

ಹೆಚ್ಚು ಹೊತ್ತು ಹಿಡಿದದ್ದು ಪುಟದ ಗಾತ್ರ. ಆರ್ಮ್64 ಕರ್ನಲನ್ನು 64 ಕೆಬಿ ಪುಟಕ್ಕೆ ಬದಲಿಸಿದೊಡನೆ ಖಾಲಿ ಕೂತ ಯಂತ್ರದಲ್ಲೂ ಮಿನ್_ಫ್ರೀ_ಕೆಬೈಟ್ಸ್ (ಕರ್ನಲ್ ಖಾಲಿ ಉಳಿಸಿಕೊಳ್ಳಲು ನೋಡುವ ಮೆಮೊರಿ) 400 ಎಂಬಿ ಆಸುಪಾಸಿಗೆ ಜಿಗಿಯಿತು. ಸೋರಿಕೆಯಲ್ಲ, ಇದು ಕೆಹ್ಯೂಜ್‌ಪೇಜ್‌ಡಿ (ಹ್ಯೂಜ್‌ಪೇಜ್ ನೋಡಿಕೊಳ್ಳುವ ಕರ್ನಲ್ ಭಾಗ) ಹಾಕುವ ಲೆಕ್ಕ: ಪೇಜ್‌ಬ್ಲಾಕ್‌ನ (ಕರ್ನಲ್ ಒಟ್ಟಾಗಿ ನಿರ್ವಹಿಸುವ ಪುಟಗಳ ಗುಂಪು) ಪುಟಗಳು × ಜೋನ್‌ಗಳು (ವಿಳಾಸಕ್ಕೆ ತಕ್ಕಂತೆ ಮಾಡಿದ ಮೆಮೊರಿ ವಿಭಾಗಗಳು) × 11. 4 ಕೆಬಿ ಪುಟವಿದ್ದಾಗ ಬ್ಲಾಕ್ 2 ಎಂಬಿ, ಅಂದರೆ 512 ಪುಟ. ಎರಡು ಜೋನ್‌ಗೆ 45056 ಕೆಬಿ. ಎಕ್ಸ್86ನಲ್ಲಿ ಜೋನ್ ಮೂರು, ಆದ್ದರಿಂದ 67584. 64 ಕೆಬಿ ಪುಟಕ್ಕೆ ಬ್ಲಾಕ್ 512 ಎಂಬಿ, 8192 ಪುಟ. ಸೂತ್ರ 11 ಜಿಬಿ ಕೇಳುತ್ತದೆ! ಒಟ್ಟು ಮೆಮೊರಿಯ ಶೇ. 5 ಎಂಬ ಮಿತಿ ಇರುವುದರಿಂದಷ್ಟೇ 400 ಎಂಬಿಗೆ ನಿಂತಿದೆ. 16 ಕೆಬಿ ಪುಟವೂ ಪಾರಾಗುವುದಿಲ್ಲ: 704 ಎಂಬಿ ಕೇಳಿ ಅದೇ ಮಿತಿಗೆ ಬಡಿಯುತ್ತದೆ.

ಹ್ಯೂಜ್‌ಪೇಜ್ ಬೇಡವಾದ ಯಂತ್ರದಲ್ಲಿ ಅದನ್ನು "ನೆವರ್" ಮಾಡಿದರೆ ಸಾಕು, ಅಂಕಿ ಸುಮಾರು 11 ಎಂಬಿಗೆ ಇಳಿಯುತ್ತದೆ. ಹ್ಯೂಜ್‌ಪೇಜ್ ಬೇಕೆಂದಾದರೆ ಸಿಸ್‌ಸಿಟಿಎಲ್‌ನಲ್ಲಿ (ಓಡುತ್ತಿರುವ ಕರ್ನಲ್‌ನ ಆಯ್ಕೆ ಬದಲಿಸುವ ಸಾಧನ) ಆ ಅಂಕಿಯನ್ನು ನೀವೇ ಬರೆಯಿರಿ, ಆದರೆ ಹ್ಯೂಜ್‌ಪೇಜ್ ಆಯ್ಕೆಯನ್ನು ಮತ್ತೆ ಮುಟ್ಟಿದರೆ ಕರ್ನಲ್ ಅದನ್ನು ಮೇಲೆತ್ತುತ್ತದೆ. ಬರೆಯುವ ಕ್ರಮ ಮುಖ್ಯ: ಮೊದಲು ಹ್ಯೂಜ್‌ಪೇಜ್, ಆಮೇಲೆ ಸಿಸ್‌ಸಿಟಿಎಲ್. 64 ಕೆಬಿ ಪುಟದ ಅದೇ 512 ಎಂಬಿ ಬ್ಲಾಕ್ ಸಿಎಂಎಗೂ (ಸಾಧನಗಳಿಗೆಂದು ಕಾದಿರಿಸುವ ಅಖಂಡ ಮೆಮೊರಿ) ಅನ್ವಯ; ಬೂಟ್ ಸಾಲಿನಲ್ಲಿ 64 ಎಂಬಿ ಕೇಳಿದರೆ 512ಕ್ಕೆ ದುಂಡಾಗುತ್ತದೆ.

16 ಕೆಬಿ ಕರ್ನಲ್ ಬೂಟ್ ಮಾಡುವಾಗ ಸೀರಿಯಲ್‌ನಲ್ಲಿ ಒಂದಕ್ಷರವೂ ಬಾರದಿದ್ದರೆ ಸಿಪಿಯು ಮಾದರಿ ನೋಡಿ. ಕಾರ್ಟೆಕ್ಸ್-ಎ57ಗೆ ಆ ಗಾತ್ರ ಗೊತ್ತಿಲ್ಲ. ಕರ್ನಲ್ ಮೊದಲ ಕೆಲವು ಸೂಚನೆಗಳಲ್ಲೇ ಸದ್ದಿಲ್ಲದೆ ನಿಂತುಬಿಡುತ್ತದೆ. "ಮ್ಯಾಕ್ಸ್" ಮಾದರಿಯಲ್ಲಿ ಓಡುತ್ತದೆ.

ಬಾಕಿ: 64 ಕೆಬಿಯಲ್ಲಿ ಸ್ಲಬ್‌ನ ಗರಿಷ್ಠ ಆರ್ಡರ್ 0 ಮಾಡಿ ನೋಡುವುದು. ಆರ್ಡರ್ 3 (2ರ ಘಾತ 3, ಎಂದರೆ ಒಟ್ಟಿಗೆ 8 ಪುಟ) ಅಂದರೆ ಇಲ್ಲಿ 32 ಕೆಬಿ ಅಲ್ಲ, 512 ಕೆಬಿ. ಹೆಚ್ಚಿನ ಕ್ಯಾಶ್‌ಗಳಿಗೆ ಒಂದು ಪುಟವೇ ಧಾರಾಳ.