ಲಿಸ್ಬನ್‌ಗೆ ಹೋದರೆ ಮೊದಲು ಆ 23 ಮೀಟರ್ ಗೋಡೆ ನೋಡಿ

ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್‌ಗೆ ಹೋಗುವವರು ಸಾಮಾನ್ಯವಾಗಿ ಮೊದಲ ದಿನ ಹಳದಿ ಟ್ರಾಮ್ ಹತ್ತುತ್ತಾರೆ, ಎರಡನೇ ದಿನ ಬೆಲೇಂ ಗೋಪುರಕ್ಕೆ ಹೋಗುತ್ತಾರೆ. ನೀಲಿ ಟೈಲುಗಳ ಆ ಉದ್ದನೆಯ ಗೋಡೆ ಇರುವ ಟೈಲ್ಸ್ ಮ್ಯೂಸಿಯಂ ಪಟ್ಟಿಯಲ್ಲಿದ್ದರೂ ಕೊನೆಯ ದಿನಕ್ಕೆ, ಅದೂ ಟೈಮ್ ಉಳಿದರೆ. ನಾನು ಮತ್ತು ಅಕ್ಕ ಹಾಗೇ ಲೆಕ್ಕ ಹಾಕಿಕೊಂಡಿದ್ದೆವು. ಆದರೆ ಇಳಿದ ಮರುದಿನವೇ ಜೋರು ಮಳೆ. ಸರಿ, ಒಳಗೆ ಕೂತು ನೋಡುವಂಥದ್ದೇ ಆಗಲಿ ಎಂದು ಮ್ಯೂಸಿಯಂ ದಾರಿ ಹಿಡಿದೆವು. ಬಾಗಿಲು ಹಾಕಿತ್ತು. ಅವತ್ತು ಸೋಮವಾರ. ಅಲ್ಲಿ ಹೆಚ್ಚಿನ ಮ್ಯೂಸಿಯಂಗಳಿಗೆ ಸೋಮವಾರ ರಜೆ. ಇದೊಂದನ್ನು ಈಗಲೇ ಬರೆದಿಟ್ಟುಕೊಳ್ಳಿ. ದುರಸ್ತಿಗೆಂದು ತಿಂಗಳುಗಟ್ಟಲೆ ಮುಚ್ಚುವುದೂ ಉಂಟು, ಹಾಗಾಗಿ ಟಿಕೆಟ್ ಮಾಡಿಸುವ ಮೊದಲೇ ಮ್ಯೂಸಿಯಂನ ವೆಬ್‌ಸೈಟ್ ನೋಡಿಕೊಳ್ಳಿ.

ವಾಪಸ್ ಬರುವಾಗ ಒಂದು ಓಣಿಯಲ್ಲಿ ಟೈಲ್ ಪೇಂಟಿಂಗ್ ಕಲಿಸುವ ಸಣ್ಣ ವರ್ಕ್‌ಶಾಪ್ ಕಂಡಿತು. ಮಳೆ ನಿಲ್ಲುವ ಲಕ್ಷಣ ಇರಲಿಲ್ಲ. ಒಳಗೆ ಹೋಗಿ ಕೂತೆವು. ಈಗ ಯೋಚಿಸಿದರೆ ನಮ್ಮ ಪ್ರವಾಸ ಸರಿಯಾಗಿ ಶುರುವಾದದ್ದೇ ಅಲ್ಲಿ.

ಈ ಟೈಲ್ಸ್‌ಗೆ ಪೋರ್ಚುಗಲ್‌ನಲ್ಲಿ ಅಜುಲೇಜು ಅನ್ನುತ್ತಾರೆ. ಪೋರ್ಚುಗೀಸಿನಲ್ಲಿ ನೀಲಿಗೆ ಅಜುಲ್ ಎನ್ನುವುದರಿಂದ ಹೆಸರು ಅದರಿಂದಲೇ ಬಂತು ಎಂದುಕೊಂಡಿದ್ದೆ. ಅಲ್ಲವಂತೆ. ನುಣುಪಾದ ಚಿಕ್ಕ ಕಲ್ಲು ಎಂಬ ಅರ್ಥದ ಅರಬ್ಬೀ ಪದದಿಂದ ಬಂದದ್ದು. ಒಮ್ಮೆ ಸುಟ್ಟ ಮಣ್ಣಿನ ಬಿಲ್ಲೆಯ ಮೇಲೆ ತವರ ಬೆರೆಸಿದ ಬಿಳಿ ಲೇಪ ಹಚ್ಚಿರುತ್ತಾರೆ. ಅದು ಒಣಗಿ ರಂಗೋಲಿ ಪುಡಿಯ ಹಾಗೆ ಬೆರಳಿಗೆ ಅಂಟುತ್ತದೆ. ಅದರ ಮೇಲೆ, ಸುಟ್ಟ ಮೇಲೆ ನೀಲಿಯಾಗುವ ಕೋಬಾಲ್ಟ್ ಬಣ್ಣದಲ್ಲಿ ಬರೆಯಬೇಕು. ಕುಂಚ ತಾಗಿದ ಕೂಡಲೇ ಆ ಪುಡಿ ನೀರನ್ನೆಲ್ಲ ಕುಡಿದುಬಿಡುತ್ತದೆ. ಅಳಿಸುವ ಹಾಗಿಲ್ಲ, ತಿದ್ದುವ ಹಾಗಿಲ್ಲ. ಕೈ ಒಂದು ಕ್ಷಣ ನಿಂತರೂ ಅಲ್ಲೊಂದು ಚುಕ್ಕೆ ಬೀಳುತ್ತದೆ. ಆಮೇಲೆ ಅದನ್ನು ಭಟ್ಟಿಯಲ್ಲಿ ಸುಮಾರು ಸಾವಿರ ಡಿಗ್ರಿ ಶಾಖದಲ್ಲಿ ಮತ್ತೆ ಸುಡುತ್ತಾರೆ.

ಚಿತ್ರವನ್ನು ಟೈಲಿನ ಮೇಲೆ ಇಳಿಸುವ ರೀತಿ ನೋಡಿ ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. ತೆಳು ಕಾಗದದ ಮೇಲೆ ಚಿತ್ರ. ಗೆರೆಯ ಉದ್ದಕ್ಕೂ ಸೂಜಿಯಿಂದ ಚುಚ್ಚಿದ ಸಣ್ಣ ತೂತುಗಳು. ಕಾಗದವನ್ನು ಟೈಲಿನ ಮೇಲಿಟ್ಟು ಇದ್ದಿಲ ಪುಡಿ ತುಂಬಿದ ಬಟ್ಟೆಯ ಗಂಟಿನಿಂದ ಮೆತ್ತಗೆ ತಟ್ಟಿದರೆ ಕೆಳಗೆ ಚುಕ್ಕೆಗಳ ಸಾಲು ಮೂಡುತ್ತದೆ. "ಏ, ಇದು ನಮ್ಮದೇ ಟ್ರೇಸಿಂಗ್ ಕಣೇ!" ಎಂದಳು. ಅಕ್ಕ ಕುಮಟಾದಲ್ಲಿ ಬ್ಲೌಸ್‌ಗಳಿಗೆ ಆರಿ ವರ್ಕ್ ಮಾಡುತ್ತಾಳೆ. ತೂತಿನ ಹಾಳೆ ಇಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿ ಒರೆಸಿ ಡಿಸೈನ್ ಇಳಿಸುವುದು ಅವಳ ದಿನದ ಕೆಲಸ. ಕಲಿಸುತ್ತಿದ್ದ ಹೆಂಗಸಿಗೆ ತನ್ನ ಫೋನಿನಲ್ಲಿದ್ದ ಬ್ಲೌಸ್ ಫೋಟೋಗಳನ್ನೆಲ್ಲ ತೋರಿಸಿದಳು. ಇಬ್ಬರಿಗೂ ಬರುವ ಭಾಷೆ ಒಂದೂ ಇರಲಿಲ್ಲ, ಆದರೂ ಅರ್ಧ ಗಂಟೆ ಮಾತಾಡಿದರು.

ಹಾಗಾಗಿ ನನ್ನ ಮೊದಲ ಸಲಹೆ: ವರ್ಕ್‌ಶಾಪ್ ಮಾಡುವುದಿದ್ದರೆ ಮೊದಲ ದಿನವೇ ಮಾಡಿ. ಸುಟ್ಟ ಟೈಲು ಕೈಗೆ ಬರಲು ಕೆಲವು ದಿನ ಬೇಕು. ಕೊನೆಯ ದಿನಕ್ಕೆ ಇಟ್ಟುಕೊಂಡರೆ ಬಿಟ್ಟು ಬರಬೇಕಾಗುತ್ತದೆ. ಇನ್ನೂ ದೊಡ್ಡ ಕಾರಣವೊಂದಿದೆ. ಒಂದು ಟೈಲು ಬರೆದು ನೋಡಿದ ಮೇಲೆ ಆ ಊರಿನ ಗೋಡೆಗಳು ಬೇರೆಯೇ ಕಾಣುತ್ತವೆ.

ಮರುದಿನ ಮಂಗಳವಾರ ಮ್ಯೂಸಿಯಂಗೆ ಹೋದೆವು. ರಾಷ್ಟ್ರೀಯ ಅಜುಲೇಜು ಮ್ಯೂಸಿಯಂ ಇರುವುದು ಊರಿನ ಪೂರ್ವದ ಅಂಚಿನಲ್ಲಿ, 1509ರಲ್ಲಿ ರಾಣಿ ಲಿಯೊನೋರ್ ಕಟ್ಟಿಸಿದ ಮಾದ್ರೆ ದ ದೇವುಸ್ ಕಾನ್ವೆಂಟಿನಲ್ಲಿ. ಮೆಟ್ರೋ ಹತ್ತಿರಕ್ಕೆ ಬರುವುದಿಲ್ಲ. ನಾವು ಊರ ಮಧ್ಯದಿಂದ 759 ನಂಬರಿನ ಬಸ್ಸಿನಲ್ಲಿ ಹೋದೆವು. 794 ಕೂಡ ಆ ಕಡೆ ಹೋಗುತ್ತದೆ. ಮೆಟ್ರೋ ನಿಲ್ದಾಣದಲ್ಲಿ ನವೆಗಾಂತೆ ಕಾರ್ಡ್ ತೆಗೆದುಕೊಂಡು 24 ಗಂಟೆಯ ಟಿಕೆಟ್ ಹಾಕಿಸಿದರೆ ಬಸ್ಸು, ಮೆಟ್ರೋ, ಟ್ರಾಮ್ ಎಲ್ಲಕ್ಕೂ ಆಗುತ್ತದೆ. ಒಬ್ಬೊಬ್ಬರಿಗೂ ಬೇರೆ ಕಾರ್ಡ್ ಬೇಕು.

ಕೆಳಗಿನ ಕೋಣೆಗಳನ್ನು ಬೇಗ ಬೇಗ ನೋಡಿ ಮೇಲಿನ ಮಹಡಿಗೆ ಹೋಗಿ. ಅಲ್ಲಿದೆ ನಾನು ಹೇಳುತ್ತಿರುವ ಗೋಡೆ. ಲಿಸ್ಬನ್ ನಗರದ ಉದ್ದನೆಯ ನೋಟ, ಸುಮಾರು 1700ರಲ್ಲಿ ಬರೆದದ್ದು. ಉದ್ದ ಹೆಚ್ಚುಕಡಿಮೆ 23 ಮೀಟರ್, ಎತ್ತರ ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಸುಮಾರು 1,300 ಟೈಲುಗಳು. ಸ್ಪೇನ್‌ನಲ್ಲಿ ಹುಟ್ಟಿ ಲಿಸ್ಬನ್‌ನಲ್ಲಿ ನೆಲೆಸಿದ ಗಾಬ್ರಿಯೆಲ್ ದೆಲ್ ಬಾರ್ಕು ಬರೆದದ್ದೆಂದು ಹೇಳುತ್ತಾರೆ. ದೋಣಿಯಲ್ಲಿ ಕೂತು ದಡ ನೋಡುತ್ತಾ ಹೋದರೆ ಹೇಗೆ ಕಾಣುತ್ತದೋ ಹಾಗೆ, ಎಡಗಡೆ ಅಲ್ಜೇಸ್‌ನಿಂದ ಬಲಗಡೆ ಶಾಬ್ರೆಗಾಸ್‌ವರೆಗೆ, ಸುಮಾರು 14 ಕಿಲೋಮೀಟರ್ ದಡ. ಶಾಬ್ರೆಗಾಸ್ ಎಂದರೆ ಈ ಮ್ಯೂಸಿಯಂ ಇರುವ ಜಾಗವೇ.

ಲಿಸ್ಬನ್ ಇರುವುದು ತೇಜು ನದಿ ಸಮುದ್ರ ಸೇರುವ ಬಾಯಿಯಲ್ಲಿ. ಊರಿನೆದುರು ನದಿ ಎಷ್ಟು ಅಗಲವೆಂದರೆ ನೋಡಿದವರಿಗೆ ಸಮುದ್ರವೇ ಅನಿಸುತ್ತದೆ. ನಾನು ಹುಟ್ಟಿ ಬೆಳೆದದ್ದು ಕಾರವಾರದಲ್ಲಿ. ಕಾಳಿ ಸಮುದ್ರ ಸೇರುವುದನ್ನು ಚಿಕ್ಕಂದಿನಿಂದ ನೋಡಿದವಳು. ಆ ನೀಲಿ ಗೋಡೆಯ ಮುಂದೆ ನಿಂತಾಗ ನಂಗೆ ಮೊದಲು ಕಂಡದ್ದು ಅರಮನೆ ಅಲ್ಲ, ದೋಣಿಗಳು. ದೊಡ್ಡ ಹಡಗುಗಳ ನಡುವೆ ಹಾಯಿ ಬಿಚ್ಚಿದ ಸಣ್ಣ ದೋಣಿಗಳು. ಒಂದು ಟೈಲಿನಲ್ಲಿ ಶುರುವಾದ ಹಾಯಿ ಪಕ್ಕದ ಟೈಲಿನಲ್ಲಿ ಮುಗಿಯುತ್ತದೆ, ಮಧ್ಯೆ ಕೂದಲೆಳೆಯಷ್ಟು ಸಂದು. ಅಕ್ಕ ಹತ್ತಿರ ಹೋಗಿ ಅಲೆಗಳ ಗೆರೆಗಳನ್ನೇ ನೋಡುತ್ತಿದ್ದಳು. "ಒಂದೇ ಏಟಿಗೆ ಎಳೆದಿದ್ದಾನೆ, ಕೈ ಎಲ್ಲೂ ನಡುಗಿಲ್ಲ ನೋಡು" ಎಂದಳು. ಹಿಂದಿನ ದಿನ ಒಂದು ಎಲೆ ಬರೆಯಲು ಇಬ್ಬರೂ ಎಷ್ಟು ಕಷ್ಟಪಟ್ಟಿದ್ದೆವು!

ಈ ಗೋಡೆ ಯಾಕೆ ಅಷ್ಟು ಮುಖ್ಯ ಗೊತ್ತಾ? ಅದರಲ್ಲಿರುವ ಊರಿನ ದೊಡ್ಡ ಭಾಗ ಈಗ ಇಲ್ಲ. 1755ರ ನವೆಂಬರ್ 1ರಂದು, ಜನ ಹಬ್ಬದ ಪೂಜೆಗೆ ಚರ್ಚುಗಳಲ್ಲಿ ಸೇರಿದ್ದ ಹೊತ್ತಿನಲ್ಲಿ ಭೂಕಂಪ ಆಯಿತು. ಹಿಂದೆಯೇ ಸುನಾಮಿ ನದಿಯೊಳಗೆ ನುಗ್ಗಿತು. ಆಮೇಲೆ ದಿನಗಟ್ಟಲೆ ಬೆಂಕಿ. ನದಿ ದಡದಲ್ಲಿದ್ದ ರಿಬೆಯ್ರಾ ಅರಮನೆ ಹೋಯಿತು. ಆ ಅರಮನೆಯ ಆಸುಪಾಸಿನಲ್ಲೇ ಇದ್ದದ್ದು ಕಾಜಾ ದಾ ಇಂದಿಯಾ, ಅಂದರೆ ಪೂರ್ವದಿಂದ ಬಂದ ಮೆಣಸು, ಮಸಾಲೆ ಎಲ್ಲ ಲೆಕ್ಕ ಹಾಕಿಸಿಕೊಳ್ಳುತ್ತಿದ್ದ ಕಚೇರಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತು. ಆ ಮೆಣಸಿನ ಹಣ ಬಂದು ಸೇರುತ್ತಿದ್ದ ದಡ ಇದು. ನನ್ನ ಪಾಲಿಗೆ ಅದು ಸುಮ್ನೆ ಚೆಂದದ ಚಿತ್ರವಾಗಿ ಉಳಿಯಲಿಲ್ಲ.

ಈ ಗೋಡೆಗೆ ಕನಿಷ್ಠ ಒಂದು ಗಂಟೆ ಕೊಡಿ. ಫೋನಿನಲ್ಲಿ ಎಡದಿಂದ ಬಲಕ್ಕೆ ತುಂಡು ತುಂಡಾಗಿ ಫೋಟೋ ತೆಗೆದುಕೊಳ್ಳಿ. ಮುಂದಿನ ದಿನಗಳಿಗೆ ಅದೇ ನಿಮ್ಮ ಮ್ಯಾಪ್. ಕೆಳಗೆ ಬಂದ ಮೇಲೆ ಒಬ್ಬ ಟೋಪಿ ವ್ಯಾಪಾರಿಯ ಕಥೆ ಹೇಳುವ ಏಳು ಫಲಕಗಳನ್ನು ಮರೆಯಬೇಡಿ. ಹಳ್ಳಿಯ ಬಡ ಹುಡುಗ ಪಟ್ಟಣಕ್ಕೆ ಬಂದು ದೊಡ್ಡ ಟೋಪಿ ವ್ಯಾಪಾರಿ ಆದದ್ದನ್ನು ಕಾಮಿಕ್ಸ್ ಥರ ಬರೆದಿದ್ದಾರೆ. ಮ್ಯೂಸಿಯಂನ ಕ್ಯಾಂಟೀನ್ ಗೋಡೆಯ ಮೇಲೂ ಹಳೆಯ ಟೈಲ್ಸ್ ಇದೆ, ತೂಗುಹಾಕಿದ ಮೀನು, ಬಾತುಕೋಳಿ, ಹಂದಿಯ ಚಿತ್ರಗಳು.

ಊಟದ ಮಾತು ಬಂತು, ಸಸ್ಯಾಹಾರಿಗಳಿಗೆ ಹೇಳಿಬಿಡುತ್ತೇನೆ. ಹಸಿರು ಸೊಪ್ಪಿನ ಸೂಪ್ ಎಂದು ಕೊಡುವುದರಲ್ಲೂ ಮಾಂಸದ ತುಂಡು ಇರುತ್ತದೆ. "ಸೇಂ ಕಾರ್ನೆ, ಸೇಂ ಪೇಯ್ಶೆ", ಅಂದರೆ ಮಾಂಸ ಬೇಡ, ಮೀನು ಬೇಡ ಎಂದು ಕಲಿತು ಹೋಗಿ. ಅಲ್ಲಿನ ಹೆಸರಾದ ಸಿಹಿ ತಿಂಡಿ ಪಾಸ್ತೆಲ್ ದ ನಾತಾದಲ್ಲಿ ಮೊಟ್ಟೆ ಇದೆ. ಅನ್ನ ತಿನ್ನಬೇಕು ಅನಿಸಿದರೆ ಊರ ಮಧ್ಯದ ಮಾರ್ತಿಂ ಮೊನೀಜ್ ಚೌಕದ ಸುತ್ತಮುತ್ತ ನಮ್ಮ ಕಡೆಯ ಊಟದ ಹೋಟೆಲುಗಳಿವೆ.

ಮೂರನೇ ದಿನ ಫೋಟೋ ಹಿಡಿದು ದಡಕ್ಕೆ ಹೋದೆವು. ಅರಮನೆ ಇದ್ದಲ್ಲಿ ಈಗ ಪ್ರಾಸಾ ದು ಕುಮೆರ್ಸಿಯು ಎಂಬ ದೊಡ್ಡ ಬಯಲು. ಅಲ್ಲಿನ ಮೆಟ್ರೋ ನಿಲ್ದಾಣಕ್ಕೆ ಇವತ್ತಿಗೂ ತೆರೆಯ್ರು ದು ಪಾಸು, ಅಂದರೆ ಅರಮನೆಯ ಅಂಗಳ ಎಂದೇ ಹೆಸರು. ಅರಮನೆ ಹೋಗಿ 250 ವರ್ಷ ದಾಟಿದರೂ ಜನರ ಬಾಯಲ್ಲಿ ಅದು ಅರಮನೆಯ ಅಂಗಳವೇ. ಅಲ್ಲಿಂದ ಗುಡ್ಡ ಹತ್ತಿ ಸಾಂತಾ ಲುಜಿಯಾ ಚರ್ಚಿಗೆ ಹೋಗಿ. ಹೊರಗೋಡೆಯ ಮೇಲೆ ಎರಡು ದೊಡ್ಡ ನೀಲಿ ಫಲಕಗಳಿವೆ, 20ನೇ ಶತಮಾನದವು. ಒಂದರಲ್ಲಿ ಭೂಕಂಪಕ್ಕೆ ಮೊದಲಿನ ಅದೇ ಅರಮನೆಯ ಅಂಗಳ, ಇನ್ನೊಂದರಲ್ಲಿ 1147ರಲ್ಲಿ ಕ್ರೈಸ್ತರು ಮುಸ್ಲಿಂ ಆಳ್ವಿಕೆಯಿಂದ ಊರಿನ ಕೋಟೆ ಗೆದ್ದ ಯುದ್ಧ. ಟಿಕೆಟ್ ಇಲ್ಲ. ಪಕ್ಕದಲ್ಲೇ ಕಾಗದದ ಹೂವಿನ ಚಪ್ಪರ, ಕೆಳಗೆ ಅಲ್ಫಾಮಾ ಎಂಬ ಹಳೆಯ ಬಡಾವಣೆಯ ಕೆಂಪು ಹೆಂಚಿನ ಮಾಡುಗಳು, ಆಚೆ ನದಿ. ಬೆಳಿಗ್ಗೆ ಒಂಬತ್ತರೊಳಗೆ ಹೋದರೆ ಮಾತ್ರ ನೆಮ್ಮದಿಯಿಂದ ನೋಡಬಹುದು. 28ನೇ ನಂಬರಿನ ಟ್ರಾಮ್ ಆ ದಾರಿಯಲ್ಲೇ ಹೋಗುತ್ತದೆ. ರಶ್ ಇರುತ್ತದೆ, ಜೇಬುಗಳ್ಳರೂ ಇರುತ್ತಾರೆ, ಬ್ಯಾಗು ಎದೆಗೆ ಅವುಚಿಕೊಳ್ಳಿ.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಸಾಂವ್ ವಿಸೆಂತೆ ದ ಫೋರಾ ಮಠವಿದೆ. ಫ್ರೆಂಚ್ ಕವಿ ಲಾ ಫೊಂತೆನ್‌ನ ಪ್ರಾಣಿಕಥೆಗಳ 38 ಟೈಲ್ ಫಲಕಗಳು ಅಲ್ಲಿವೆ. ತನ್ನ ಕಥೆಗಳಲ್ಲಿ ಹಲವು ಭಾರತದ ಪಂಡಿತನಿಂದ ಬಂದವು ಎಂದು ಆತನೇ ಹೇಳಿಕೊಂಡಿದ್ದಾನೆ. ಪಂಚತಂತ್ರ ಕೇಳಿ ಬೆಳೆದ ಮಕ್ಕಳು ಜೊತೆಗಿದ್ದರೆ ಖಂಡಿತ ಕರೆದುಕೊಂಡು ಹೋಗಿ.

ಸಂಜೆ ಕಾಲು ಸೋತ ಮೇಲೆ ಮೆಟ್ರೋ ನೋಡಿ. 1959ರಲ್ಲಿ ಶುರುವಾದಾಗಿನ ನಿಲ್ದಾಣಗಳಲ್ಲಿ ಹೆಚ್ಚಿನವಕ್ಕೆ ಟೈಲ್ಸ್ ವಿನ್ಯಾಸ ಮಾಡಿದ್ದು ಮಾರಿಯಾ ಕೈಲ್ ಎಂಬ ಕಲಾವಿದೆ. 1998ರ ಎಕ್ಸ್‌ಪೋ ಎಂಬ ವಿಶ್ವಮೇಳದ ಸಮಯದ ಒರಿಯೆಂತೆ ನಿಲ್ದಾಣದಲ್ಲಿ ಸಮುದ್ರದ ಬಗ್ಗೆ ಬೇರೆ ಬೇರೆ ದೇಶದ ಕಲಾವಿದರ ಫಲಕಗಳಿವೆ, ನಮ್ಮ ಎಸ್. ಎಚ್. ರಜಾ ಅವರದ್ದೂ.

ಒಂದು ವಿನಂತಿ. ಮಂಗಳವಾರ ಮತ್ತು ಶನಿವಾರ ನಡೆಯುವ ಫೇರಾ ದಾ ಲಾದ್ರಾ ಸಂತೆಯಲ್ಲಿ ಹಳೆಯ ಟೈಲುಗಳನ್ನು ಬಿಡಿಬಿಡಿಯಾಗಿ ಮಾರುತ್ತಾರೆ. ದಯವಿಟ್ಟು ತೆಗೆದುಕೊಳ್ಳಬೇಡಿ. ಹಳೆಯ ಮನೆಗಳ ಗೋಡೆಯಿಂದ ಟೈಲು ಕಿತ್ತು ಮಾರುವ ಕಳ್ಳತನ ಅಲ್ಲಿ ಎಷ್ಟು ಹೆಚ್ಚಾಯಿತೆಂದರೆ ಪೊಲೀಸರು 2007ರಲ್ಲಿ ಅದಕ್ಕೆಂದೇ ಎಸ್‌ಒಎಸ್ ಅಜುಲೇಜು ಎಂಬ ಯೋಜನೆ ಶುರು ಮಾಡಿದರು. ಕೈಯಲ್ಲಿರುವ ಟೈಲು ಎಲ್ಲಿಂದ ಬಂತು ಎಂದು ನಮಗೆ ತಿಳಿಯುವುದಿಲ್ಲ. ಅಲ್ಫಾಮಾದ ಒಂದು ಮನೆಯ ಗೋಡೆಯಲ್ಲಿ ನಾಲ್ಕು ಟೈಲು ಕಿತ್ತ ಜಾಗ ಕಂಡಿತು. ಸುತ್ತಲೂ ನೀಲಿ ಬಳ್ಳಿ, ನಡುವೆ ಬರೀ ಗಾರೆ. ಆ ಬಳ್ಳಿಯ ತುದಿ ಯಾವ ಅಂಗಡಿಯಲ್ಲಿದೆಯೋ. ಹೊಸದಾಗಿ ಕೈಯಲ್ಲಿ ಬರೆದ ಟೈಲುಗಳು ಎಷ್ಟೋ ಸಿಗುತ್ತವೆ, ಅದನ್ನೇ ಕೊಳ್ಳಿ.

ಉಳಿದ ವಿಷಯ ಚಿಕ್ಕದು. ಷೆಂಗೆನ್ ವೀಸಾ ಬೇಕು. ಹೊರಡುವ ದಿನಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಬೇಗ ಹಾಕಿದಷ್ಟೂ ಒಳ್ಳೆಯದು. ಬೆಂಗಳೂರಿನಿಂದ ಹೋಗುವವರು ಒಂದು ಕಡೆ ವಿಮಾನ ಬದಲಿಸಬೇಕಾಗುತ್ತದೆ. ಕಾಲುದಾರಿಗಳೆಲ್ಲ ನುಣುಪಾದ ಸುಣ್ಣಕಲ್ಲಿನವು, ಮಳೆಯಲ್ಲಿ ಜಾರುತ್ತವೆ, ಒಳ್ಳೆ ಹಿಡಿತದ ಶೂ ಹಾಕಿ. ಊರೆಲ್ಲ ಏರು. ಮಂಡಿನೋವು ಇರುವವರು ದಿನಕ್ಕೊಂದೇ ಗುಡ್ಡ ಇಟ್ಟುಕೊಳ್ಳಿ.

ಹೊರಡುವ ಹಿಂದಿನ ಸಂಜೆ ನಮ್ಮ ಟೈಲುಗಳನ್ನು ತರಲು ವರ್ಕ್‌ಶಾಪ್‌ಗೆ ಹೋದೆವು. ಬರೆದಾಗ ಬೂದಿಯ ಹಾಗಿದ್ದ ಬಣ್ಣ ಭಟ್ಟಿಯಿಂದ ಗಾಢ ನೀಲಿಯಾಗಿ ಬಂದಿತ್ತು. ನನ್ನ ದೋಣಿಯ ಹಾಯಿಯಲ್ಲಿ ಕೈ ನಿಂತ ಕಡೆ ಚುಕ್ಕೆ ಹಾಗೇ ಇದೆ. ಅಕ್ಕನ ಮಾವಿನಕಾಯಿ ಡಿಸೈನ್ ಮಾತ್ರ ಒಂದೇ ಗೆರೆಯಲ್ಲಿ ಸರಾಗವಾಗಿ ಹರಿದಿತ್ತು. ಎರಡನ್ನೂ ಅವಳ ಹತ್ತಿ ಸೀರೆಯ ಮಡಿಕೆಯಲ್ಲಿ ಸುತ್ತಿ ಸೂಟ್‌ಕೇಸಿನ ನಟ್ಟನಡುವೆ ಇಟ್ಟೆವು. ನೀವೂ ಹಾಗೇ ಮಾಡಿ. ಅಂಚಿನಲ್ಲಿಟ್ಟರೆ ಮೂಲೆ ಮುರಿಯುತ್ತದೆ.