ಹಬ್ಬದ ತಾರೀಕು ಹೇಳುವ ಕಾಗದ

ಇವತ್ತು ಮತ್ತೆ ಅದೇ ಫಾರ್ವರ್ಡ್ ಬಂತು: ಬೈಬಲ್ಲಿನ ಪುಸ್ತಕಗಳನ್ನು 325ರಲ್ಲಿ ಕ್ರೈಸ್ತ ಬಿಷಪ್ಪರು ಸೇರಿದ ನೈಸಿಯಾ ಸಭೆಯಲ್ಲಿ ಮತ ಹಾಕಿ ಆರಿಸಿದರಂತೆ.

ಇಲ್ಲ. ಅಲ್ಲಿ ಚರ್ಚೆಯಾದದ್ದು ಯೇಸು ತಂದೆ ದೇವರಿಗೆ ಸಮನಲ್ಲ ಎಂಬ ಪಾದ್ರಿ ಆರಿಯಸ್‌ನ ವಾದ, ಈಸ್ಟರ್ ದಿನ. ಹೊರಬಿದ್ದ 20 ನಿಯಮಗಳಲ್ಲಿ ಪುಸ್ತಕದ ಪಟ್ಟಿಯೇ ಇಲ್ಲ.

ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಇಂದಿನ 27 ಪುಸ್ತಕಗಳು, ಒಂದು ಹೆಚ್ಚಿಲ್ಲ ಒಂದು ಕಮ್ಮಿಯಿಲ್ಲ, ನಮಗೆ ಮೊದಲು ಸಿಗುವುದು 367ರ ಒಂದು ಕಾಗದದಲ್ಲಿ. ಬರೆದವರು ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್. ಈಸ್ಟರ್ ಯಾವತ್ತು ಅಂತ ಈಜಿಪ್ಟಿನ ಚರ್ಚುಗಳಿಗೆ ವರ್ಷವರ್ಷ ತಿಳಿಸುತ್ತಿದ್ದ ಪತ್ರ ಅದು!

‘ದಿದಾಖೆ’, ಹೆರ್ಮಾಸನ ‘ಕುರುಬ’ ಎಂಬ ಹಳೆಯ ಕ್ರೈಸ್ತ ಬರಹಗಳು ಅವರ ಪಟ್ಟಿಯಿಂದ ಹೊರಗೆ. ಆದರೂ ಹೊಸದಾಗಿ ಧರ್ಮಕ್ಕೆ ಬರುವವರು ಅವನ್ನು ಓದಲಿ ಅಂತಾರೆ. ಆ ಮಾತು ನನಗೆ ತುಂಬ ಇಷ್ಟ.

ಪಟ್ಟಿ ಬಂದ ಮಾತ್ರಕ್ಕೆ ಎಲ್ಲರೂ ಒಪ್ಪಲಿಲ್ಲ. ಸಿರಿಯಾಕ್ ಭಾಷೆಯ ಬೈಬಲ್ಲಾದ ಪೆಶಿತ್ತಾದ ಹೊಸ ಒಡಂಬಡಿಕೆಯಲ್ಲಿ 22 ಪುಸ್ತಕಗಳೇ. ಪ್ರಕಟನೆ, ಯೂದ, 2 ಪೇತ್ರ, 2 ಮತ್ತು 3 ಯೋಹಾನ ಅದರಲ್ಲಿಲ್ಲ.