ಮೋಡೆಮ್ ದನಿ ಎತ್ತದ ದಿನ

ಆ ತಿಂಗಳ ಫೋನ್ ಬಿಲ್ಲಿನಲ್ಲಿ ಮನೆಯವರು ಯಾರೂ ಮಾಡದ ಏಳು ಕರೆಗಳಿದ್ದವು. ಏಳೂ ಹೊರದೇಶದ ಕರೆಗಳು. ಏಳೂ 239 ಎಂಬ ದೇಶಸಂಖ್ಯೆಗೆ ಹೋಗಿದ್ದವು. ಅತಿ ಚಿಕ್ಕದು ಒಂಬತ್ತು ನಿಮಿಷ, ಅತಿ ದೊಡ್ಡದು ಐವತ್ತೆರಡು ನಿಮಿಷ. ಕಟ್ಟಬೇಕಾದ ಮೊತ್ತ ಪ್ರತಿ ತಿಂಗಳು ಬರುತ್ತಿದ್ದುದರ ಹನ್ನೊಂದು ಪಟ್ಟಾಗಿತ್ತು. ಅಪ್ಪ ಬಿಲ್ಲನ್ನು ಮೇಜಿನ ಮೇಲೆ ಹರಡಿ, ಒಂದೊಂದು ಸಾಲಿನ ಪಕ್ಕದಲ್ಲೂ ಪೆನ್ಸಿಲಿನಿಂದ ಗುರುತು ಹಾಕಿ, "ಈ ಹೊತ್ತಿಗೆ ಫೋನ್ ಹತ್ತಿರ ಯಾರಿದ್ರಿ?" ಎಂದು ಕೇಳಿದರು. ಯಾರೂ ಇರಲಿಲ್ಲ. ಆ ಹೊತ್ತಿನಲ್ಲೆಲ್ಲ ಫೋನಿನ ತಂತಿ ಕಂಪ್ಯೂಟರಿಗೆ ಸಿಕ್ಕಿಸಿತ್ತು ಎಂಬುದು ನನಗೆ ಹೊಳೆಯಲು ಸ್ವಲ್ಪ ಸಮಯ ಬೇಕಾಯಿತು.

ಇದು 2003ರ ಮಾತು. ಮನೆಯಲ್ಲಿ ವಿಂಡೋಸ್ 98 ಹಾಕಿದ್ದ ಕಂಪ್ಯೂಟರ್, ಅದರ ಪಕ್ಕದಲ್ಲಿ ಪುಸ್ತಕದಷ್ಟು ಅಗಲದ, ಹೊರಗಿಡುವ 56ಕೆ ಮೋಡೆಮ್. ಇಂಟರ್ನೆಟ್ ಬೇಕೆಂದರೆ ಫೋನಿನ ತಂತಿಯನ್ನು ಅದಕ್ಕೆ ಸಿಕ್ಕಿಸಿ ಡಯಲ್ ಮಾಡಬೇಕಿತ್ತು. ಮೋಡೆಮ್ ಮೊದಲು ಡಯಲ್ ಟೋನ್ ಕೇಳಿಸಿ, ಸಂಖ್ಯೆಗಳನ್ನು ಒತ್ತಿದ ಸದ್ದು ಮಾಡಿ, ಆ ಕಡೆಯ ಮೋಡೆಮಿನೊಡನೆ ಅರ್ಧ ನಿಮಿಷ ಕಿರುಚಾಡಿ ಸುಮ್ಮನಾಗುತ್ತಿತ್ತು. ಆ ಕಿರುಚಾಟ ಪಕ್ಕದ ಕೋಣೆಗೂ ಕೇಳಿಸುತ್ತಿದ್ದುದರಿಂದ, ಅದು ಕೇಳಿಸದೆ ಮನೆಯಿಂದ ಯಾವ ಕರೆಯೂ ಹೋಗಲಾರದು ಎಂದು ನಾನು ನಂಬಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ಫೋನ್ ಕಂಪನಿಯ ಕಚೇರಿಗೆ ಹೋದೆವು. ಅಲ್ಲಿದ್ದವರು ಕರೆಗಳ ದಾಖಲೆ ತೆಗೆದು ನೋಡಿ, "ಕರೆ ನಿಮ್ಮ ಲೈನಿನಿಂದಲೇ ಹೋಗಿದೆ ಸರ್, ನಮ್ಮ ಕಡೆಯಿಂದ ತಪ್ಪಾಗಿಲ್ಲ" ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು, ಆದರೆ ಅಪ್ಪನ ಮುಖದಲ್ಲಿ ಬಂದ ಸಂಕಟವನ್ನು ನಾನು ಮರೆತಿಲ್ಲ. ತಾವು ಆಡದ ಮಾತಿಗೆ ಹಣ ತೆರಬೇಕಾದ, ಆಡಲಿಲ್ಲವೆಂದು ಸಾಬೀತು ಮಾಡಲೂ ಆಗದ ಸಂಕಟ ಅದು. ಅಪ್ಪ ಬಿಲ್ಲನ್ನು ಮಡಚಿ ಜೇಬಿಗಿಟ್ಟುಕೊಂಡರು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ.

ಮನೆಗೆ ಬಂದು ಬ್ರೌಸರಿನ ಹಿಸ್ಟರಿಯನ್ನು ಬಿಲ್ಲಿನ ಪಕ್ಕದಲ್ಲಿಟ್ಟು ವೇಳೆಗಳನ್ನು ಹೋಲಿಸಿದೆ. ಏಳು ಕರೆಗಳೂ ತಂಗಿ ಶಾಲೆಯ ಪ್ರಾಜೆಕ್ಟಿಗೆ ಚಿತ್ರಗಳನ್ನು ಹುಡುಕುತ್ತಿದ್ದ ಹೊತ್ತಿಗೆ ಸೇರಿದ್ದವು. ಅವಳನ್ನು ಕರೆದು ಕೇಳಿದಾಗ, ಮೂರು ವಾರದ ಹಿಂದೆ ಒಂದು ಕಿಟಕಿ ಪದೇಪದೇ ತೆರೆದುಕೊಂಡು, ಚಿತ್ರಗಳನ್ನು ನೋಡಲು ಉಚಿತ ವ್ಯೂವರ್ ಬೇಕು ಎಂದು ಹೇಳುತ್ತಿತ್ತೆಂದೂ, 'ನೋ' ಒತ್ತಿದಷ್ಟು ಸಲವೂ ಮತ್ತೆ ಬರುತ್ತಿತ್ತೆಂದೂ, ಕೊನೆಗೆ ಬೇಸತ್ತು 'ಯೆಸ್' ಒತ್ತಿದೆನೆಂದೂ ಹೇಳಿದಳು. ಆಮೇಲೆ ಸಣ್ಣ ದನಿಯಲ್ಲಿ, "ನಾನು ಒತ್ತಿದ್ದಕ್ಕೇ ಹೀಗಾಯ್ತಾ ಅಣ್ಣಾ?" ಎಂದಳು. ಇಲ್ಲವೆಂದು ಹೇಳಲು ಆಗಲಿಲ್ಲ, ಹೌದೆಂದು ಹೇಳುವುದು ನ್ಯಾಯವೂ ಆಗಿರಲಿಲ್ಲ. 'ನೋ' ಎಂಬ ಉತ್ತರವನ್ನು ಒಪ್ಪದ ಪ್ರಶ್ನೆಯನ್ನು ಹದಿಮೂರು ವರ್ಷದ ಹುಡುಗಿಯ ಮುಂದೆ ಇಟ್ಟವರದು ಆ ತಪ್ಪು ಎಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

ಅನುಮಾನ ಬಂದಿತ್ತೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಮತ್ತೊಮ್ಮೆ ಕರೆ ಹೋಗಲು ಬಿಟ್ಟು ನೋಡೋಣವೆಂದರೆ ಅದಕ್ಕೂ ಹಣ ತೆರಬೇಕು. ಆದ್ದರಿಂದ ಫೋನಿನ ತಂತಿಯನ್ನು ಗೋಡೆಯಿಂದ ಕಿತ್ತಿಟ್ಟು, ಮೋಡೆಮನ್ನು ಮಾತ್ರ ಆನ್ ಮಾಡಿ, ಕಂಪ್ಯೂಟರನ್ನು ಚಾಲೂ ಮಾಡಿ, ಯಾವುದನ್ನೂ ಮುಟ್ಟದೆ ಎದುರಿಗೆ ಕುಳಿತೆ. ಹೊರಗಿಡುವ ಮೋಡೆಮಿನ ಮುಂಭಾಗದಲ್ಲಿ ಸಾಲಾಗಿ ಪುಟ್ಟ ಕೆಂಪು ದೀಪಗಳಿರುತ್ತವೆ. ಅವುಗಳಲ್ಲಿ ಓಎಚ್ ಎಂಬುದು ಹತ್ತಿಕೊಂಡರೆ ಮೋಡೆಮ್ ರಿಸೀವರ್ ಎತ್ತಿದೆ ಎಂದರ್ಥ, ಸಿಡಿ ಎಂಬುದು ಹತ್ತಿಕೊಂಡರೆ ಆ ಕಡೆಯ ಮೋಡೆಮ್ ಸಿಕ್ಕಿದೆ ಎಂದರ್ಥ. ನಾಲ್ಕೈದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಪೆಟ್ಟಿಗೆಯೊಳಗೆ ಉಗುರಿನಿಂದ ತಟ್ಟಿದಷ್ಟು ಸಣ್ಣದಾಗಿ 'ಟಕ್' ಎಂದಿತು, ಓಎಚ್ ದೀಪ ತಾನಾಗಿ ಹತ್ತಿಕೊಂಡಿತು. ಸ್ಪೀಕರಿನಿಂದ ಒಂದು ಸದ್ದೂ ಬರಲಿಲ್ಲ. ಕೆಲವು ಸೆಕೆಂಡುಗಳ ಬಳಿಕ ದೀಪ ಆರಿತು, ಡಯಲ್ ಟೋನ್ ಇಲ್ಲವೆಂಬ ಸಂದೇಶ ಪರದೆಯ ಮೇಲೆ ಕಾಣಿಸಿತು. ನಾನು ಏನನ್ನೂ ಒತ್ತಿರಲಿಲ್ಲ.

ಡಯಲ್‌ಅಪ್ ನೆಟ್‌ವರ್ಕಿಂಗ್ ಫೋಲ್ಡರನ್ನು ತೆರೆದಾಗ ನಾನೇ ಮಾಡಿಟ್ಟಿದ್ದ ಐಕಾನಿನ ಪಕ್ಕದಲ್ಲಿ ಇನ್ನೊಂದು ಐಕಾನ್ ಇತ್ತು. ಅದರ ಪ್ರಾಪರ್ಟೀಸಿನಲ್ಲಿ ಬಿಲ್ಲಿನ ಮೇಲಿದ್ದ ಸಂಖ್ಯೆಯೇ, ಸೊನ್ನೆ ಸೊನ್ನೆಯಿಂದ ಶುರುವಾಗಿ, ಒಂದಂಕಿಯೂ ತಪ್ಪದಂತೆ ಕುಳಿತಿತ್ತು. ಇಂಟರ್ನೆಟ್ ಆಪ್ಷನ್ಸಿನಲ್ಲಿ ಡೀಫಾಲ್ಟ್ ಕನೆಕ್ಷನ್ ಆಗಿ ಅದೇ ಆಯ್ಕೆಯಾಗಿತ್ತು. ಮೋಡೆಮಿಗೆ ಹೆಚ್ಚುವರಿ ಆಜ್ಞೆಗಳನ್ನು ಬರೆಯುವ ಪುಟ್ಟ ಚೌಕದಲ್ಲಿ ಎರಡೇ ಅಕ್ಷರಗಳಿದ್ದವು: ಎಂ, ಅದರ ಮುಂದೆ ಸೊನ್ನೆ. ಮೋಡೆಮಿನ ಭಾಷೆಯಲ್ಲಿ ಅದರ ಅರ್ಥ ಸ್ಪೀಕರನ್ನು ಪೂರ್ತಿ ಮುಚ್ಚು ಎಂದು. ನಮಗಿದ್ದ ಏಕೈಕ ಎಚ್ಚರಿಕೆಯ ಗಂಟೆಯ ನಾಲಿಗೆಯನ್ನು ಕಿತ್ತದ್ದು ಈ ಎರಡು ಅಕ್ಷರಗಳು. ಇಡೀ ಮೋಸದಲ್ಲಿ ನನ್ನನ್ನು ಹೆಚ್ಚು ನೋಯಿಸಿದ್ದು ಇದೇ, ಏಕೆಂದರೆ ಇದು ಅಜಾಗರೂಕತೆಯಿಂದ ಆಗುವ ಕೆಲಸವಲ್ಲ; ಮನೆಯವರಿಗೆ ತಿಳಿಯಬಾರದೆಂದು ಯಾರೋ ಕುಳಿತು ಯೋಚಿಸಿ ಬರೆದದ್ದು.

ಅದನ್ನು ಕಿತ್ತುಹಾಕುವುದರಲ್ಲಿ ಉಳಿದ ಮಧ್ಯಾಹ್ನ ಕಳೆಯಿತು. ಐಕಾನನ್ನು ಅಳಿಸಿ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದರೆ ಐಕಾನ್ ಮರಳಿ ಬರುತ್ತಿತ್ತು. ಕೊನೆಗೆ ಸೇಫ್ ಮೋಡಿನಲ್ಲಿ ಚಾಲೂ ಮಾಡಿ, ಆರಂಭದಲ್ಲೇ ಓಡುವ ಪ್ರೋಗ್ರಾಮುಗಳ ಪಟ್ಟಿಯಿಂದ ಅದರ ಹೆಸರನ್ನು ತೆಗೆದು, ಕಡತವನ್ನೂ ಅಳಿಸಿದ ಮೇಲೆ ಹೋಯಿತು. ಮನೆಯ ಆಂಟಿವೈರಸ್ ಇಷ್ಟು ದಿನವೂ ಚಕಾರ ಎತ್ತಿರಲಿಲ್ಲ. ಅದಕ್ಕೆ ಕಾರಣ ಆಮೇಲೆ ಗೊತ್ತಾಯಿತು: ಇಂಥ ಡಯಲರ್, ಅಂದರೆ ಮನೆಯವರಿಗೆ ತಿಳಿಯದೆ ದುಬಾರಿ ಸಂಖ್ಯೆಗೆ ಕರೆ ಮಾಡುವ ಪ್ರೋಗ್ರಾಮ್, ಇನ್ನೊಂದು ಕಡತಕ್ಕೆ ಅಂಟಿ ಹರಡುವುದಿಲ್ಲ, ಯಾವುದನ್ನೂ ಹಾಳುಮಾಡುವುದಿಲ್ಲ, ಮೇಲಾಗಿ ಬಳಕೆದಾರರೇ 'ಯೆಸ್' ಒತ್ತಿ ಒಳಗೆ ಬಿಟ್ಟುಕೊಂಡಿರುತ್ತಾರೆ, ಆದ್ದರಿಂದ ಅದನ್ನು ವೈರಸ್ ಎಂದು ಕರೆಯಲು ಆ ಕಾಲದ ಎಷ್ಟೋ ಆಂಟಿವೈರಸ್‌ಗಳು ಹಿಂಜರಿಯುತ್ತಿದ್ದವು. ಫೈರ್‌ವಾಲ್ ಹಾಕಿದ್ದರೂ ನಾವು ಉಳಿಯುತ್ತಿರಲಿಲ್ಲ. ಫೈರ್‌ವಾಲ್ ಕಾಯುವುದು ಆಗಲೇ ಆಗಿರುವ ಸಂಪರ್ಕದಲ್ಲಿ ಓಡಾಡುವ ಮಾಹಿತಿಯನ್ನು. ಡಯಲರ್ ಆ ಸಂಪರ್ಕವನ್ನೇ ಕತ್ತರಿಸಿ ಬೇರೆ ಸಂಖ್ಯೆಗೆ ಹೊಸ ಕರೆ ಮಾಡುತ್ತದೆ, ಅಂದರೆ ಕಾವಲುಗಾರ ನಿಂತಿರುವ ಬಾಗಿಲಿನ ಕಡೆಗೆ ಅದು ಬರುವುದೇ ಇಲ್ಲ.

239 ಎಂಬುದು ಪಶ್ಚಿಮ ಆಫ್ರಿಕಾದ ಗಿನಿ ಕೊಲ್ಲಿಯಲ್ಲಿರುವ ಸಾವೊ ಟೊಮೆ ಮತ್ತು ಪ್ರಿನ್ಸಿಪೆ ಎಂಬ ದ್ವೀಪರಾಷ್ಟ್ರದ ಸಂಖ್ಯೆ. ಅಷ್ಟು ದೂರದ ಪುಟ್ಟ ದ್ವೀಪಕ್ಕೆ ನಮ್ಮ ಕಂಪ್ಯೂಟರಿನಿಂದ ಏನಾಗಬೇಕಿತ್ತು ಎಂದು ಅಪ್ಪ ಕೇಳಿದರು. ಉತ್ತರವಿರುವುದು ಕರೆಯ ಹಣ ಹಂಚಿಹೋಗುವ ರೀತಿಯಲ್ಲಿ. ಒಂದು ದೇಶದಿಂದ ಇನ್ನೊಂದಕ್ಕೆ ಕರೆ ಹೋದಾಗ, ಕರೆ ಮಾಡಿದವರ ಕಂಪನಿ ಕರೆ ತಲುಪಿಸಿದ ಕಂಪನಿಗೆ ನಿಮಿಷಕ್ಕಿಷ್ಟು ಎಂದು ಕೊಡಬೇಕಾಗುತ್ತದೆ. ಈ ದರ ಹೆಚ್ಚಾಗಿರುವ ಕಡೆಗೆ ಕರೆಗಳನ್ನು ಹರಿಸಿದರೆ ಅದರಲ್ಲೊಂದು ಪಾಲು ಹರಿಸಿದವನ ಕೈ ಸೇರುತ್ತದೆ. ಎಷ್ಟೋ ಸಲ ಕರೆ ಆ ದೇಶವನ್ನು ಮುಟ್ಟುವುದೂ ಇಲ್ಲ, ನಡುದಾರಿಯಲ್ಲಿ ಎಲ್ಲೋ ಮುಗಿಯುತ್ತದೆ. ಆ ದ್ವೀಪಗಳ ಜನಕ್ಕೆ ಇದರಲ್ಲಿ ಯಾವ ಕೈವಾಡವೂ ಇಲ್ಲವೆಂದು ತಿಳಿದ ಮೇಲೆ ನನಗೆ ಅವರ ಮೇಲೆ ಮೊದಲು ಹುಟ್ಟಿದ್ದ ಸಿಟ್ಟಿನ ಬಗ್ಗೆ ನಾಚಿಕೆಯಾಯಿತು.

ಈ ಮೋಸ ಹಳೆಯದು. 1997ರಲ್ಲೇ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಇಂಥದೊಂದರ ವಿರುದ್ಧ ನ್ಯಾಯಾಲಯಕ್ಕೆ ಹೋಗಿತ್ತು. ಅಲ್ಲೂ ಚಿತ್ರ ನೋಡುವ ಉಚಿತ ವ್ಯೂವರ್, ಅಲ್ಲೂ ಮುಚ್ಚಿದ ಸ್ಪೀಕರ್. ಅದು ಕರೆ ಮಾಡುತ್ತಿದ್ದುದು ಮಾಲ್ಡೋವಾದ ಸಂಖ್ಯೆಗೆ, ಆದರೆ ಕರೆಗಳು ಕೊನೆಗೊಳ್ಳುತ್ತಿದ್ದುದು ಕೆನಡಾದಲ್ಲಿ. ಆ ಪುಟವನ್ನು ಬಿಟ್ಟು ಬೇರೆಲ್ಲಿಗೆ ಹೋದರೂ ಕಂಪ್ಯೂಟರ್ ಆರಿಸುವವರೆಗೆ ಕರೆ ಕಡಿಯುತ್ತಿರಲಿಲ್ಲ. 38,000ಕ್ಕೂ ಹೆಚ್ಚು ಮಂದಿಗೆ ಸುಮಾರು 27 ಲಕ್ಷ ಡಾಲರ್ ಹಿಂದಿರುಗಿಸಬೇಕೆಂದು ಇತ್ಯರ್ಥವಾಯಿತು. ನಮಗೆ ಹೀಗಾದ 2003ರಲ್ಲೇ ಜರ್ಮನಿ ಡಯಲರುಗಳನ್ನು ನೋಂದಾಯಿಸಬೇಕೆಂದೂ ಒಂದು ಗಂಟೆಯಾದೊಡನೆ ಅಂಥ ಕರೆಯನ್ನು ಕಡಿಯಬೇಕೆಂದೂ ಕಾನೂನು ಮಾಡಿತು. 2004ರಲ್ಲಿ ಐರ್ಲೆಂಡಿನ ದೂರಸಂಪರ್ಕ ನಿಯಂತ್ರಕರು ಹದಿಮೂರು ದೇಶಗಳಿಗೆ ನೇರವಾಗಿ ಡಯಲ್ ಮಾಡುವುದನ್ನೇ ತಡೆಹಿಡಿದರು. ಆ ಪಟ್ಟಿಯಲ್ಲಿ ಟುವಾಲು, ನೌರು, ಕಿರಿಬಾಟಿಗಳ ಜೊತೆಗೆ ನಮ್ಮ ಬಿಲ್ಲಿನ ಸಾವೊ ಟೊಮೆಯೂ ಇತ್ತು. ಅದನ್ನು ಓದಿದಾಗ ಅಪ್ಪನಿಗೆ ತೋರಿಸಿದೆ. ಅವರು ಎರಡು ಸಲ ಓದಿ, "ಹಾಗಾದರೆ ನಾವೊಬ್ಬರೇ ಅಲ್ಲ" ಎಂದು ಮಾತ್ರ ಹೇಳಿದರು.

ಬಿಲ್ಲಿನ ಹಣ ಮನ್ನಾ ಆಗಲಿಲ್ಲ. ಮೂರು ಕಂತುಗಳಲ್ಲಿ ಕಟ್ಟಲು ಒಪ್ಪಿಕೊಂಡರು, ಕಟ್ಟಿದೆವು.

ಆ ದಿನ ಸಂಜೆಯೇ ಮಾಡಿದ ಮೊದಲ ಕೆಲಸವೆಂದರೆ ನಮ್ಮ ಲೈನಿನಿಂದ ಐಎಸ್‌ಡಿ ಕರೆಗಳನ್ನೂ ಹೆಚ್ಚುವರಿ ದರದ ಸಂಖ್ಯೆಗಳನ್ನೂ ಎಕ್ಸ್‌ಚೇಂಜಿನಲ್ಲೇ ಬಂದ್ ಮಾಡಿಸಲು ಅರ್ಜಿ ಬರೆದದ್ದು. ಕಂಪ್ಯೂಟರಿನೊಳಗೆ ಹಾಕುವ ಬೀಗವನ್ನು ಕಂಪ್ಯೂಟರಿನೊಳಗೆ ಹೊಕ್ಕವನು ತೆಗೆಯಬಲ್ಲ; ಎಕ್ಸ್‌ಚೇಂಜಿನಲ್ಲಿ ಹಾಕಿದ ಬೀಗ ಅವನ ಕೈಗೆ ಎಟುಕುವುದಿಲ್ಲ. ಉಳಿದ ಎಲ್ಲ ಉಪಾಯಗಳಿಗಿಂತ ಇದು ಮೇಲು ಎಂದು ನಾನು ಇಂದಿಗೂ ಹೇಳುತ್ತೇನೆ. ಅದರ ನಂತರದ್ದು ತಂತಿ: ಇಂಟರ್ನೆಟ್ ಕೆಲಸ ಮುಗಿದ ತಕ್ಷಣ ಅದನ್ನು ಮೋಡೆಮಿನಿಂದ ಕಿತ್ತು ಫೋನಿಗೆ ಹಾಕುವುದು. ಒಳಗೇ ಕೂರಿಸಿದ ಮೋಡೆಮ್ ಇರುವವರಿಗೆ ದೀಪಗಳೂ ಕಾಣುವುದಿಲ್ಲವಾದ್ದರಿಂದ ಅವರಿಗಂತೂ ಇದು ತೀರಾ ಅಗತ್ಯ. ಮುಂದೆ ಬ್ರಾಡ್‌ಬ್ಯಾಂಡ್ ಬಂದಾಗ, ಹಳೆಯ ಮೋಡೆಮನ್ನು ಹಾಗೇ ಲೈನಿಗೆ ಸಿಕ್ಕಿಸಿಟ್ಟು ಇನ್ನು ಭಯವಿಲ್ಲವೆಂದುಕೊಂಡ ಪರಿಚಿತರೊಬ್ಬರಿಗೆ ಇದನ್ನು ಬಿಡಿಸಿ ಹೇಳಬೇಕಾಯಿತು: ಬ್ರಾಡ್‌ಬ್ಯಾಂಡ್ ಪೆಟ್ಟಿಗೆ ಕರೆ ಮಾಡಲಾರದು, ಆದರೆ ತಂತಿ ಸಿಕ್ಕಿಸಿದ ಹಳೆಯ ಮೋಡೆಮ್ ಡಯಲರಿನ ಮಾತು ಕೇಳಿ ಈಗಲೂ ಕರೆ ಮಾಡಬಲ್ಲದು.

ಬ್ರೌಸರಿನಲ್ಲಿ ಆಕ್ಟಿವ್‌ಎಕ್ಸ್ ಅನುಮತಿಗಳನ್ನು, ಅಂದರೆ ವೆಬ್ ಪುಟಗಳು ಕಂಪ್ಯೂಟರಿನಲ್ಲಿ ಪ್ರೋಗ್ರಾಮುಗಳನ್ನು ಹಾಕಿ ಓಡಿಸಲು ಇರುವ ಅನುಮತಿಗಳನ್ನು, ಬಿಗಿಗೊಳಿಸಿದೆ, ಪಾಸ್‌ವರ್ಡನ್ನು ನೆನಪಿಟ್ಟುಕೊಂಡು ತಾನಾಗಿ ಡಯಲ್ ಮಾಡುವುದನ್ನು ನಿಲ್ಲಿಸಿದೆ. ತಂಗಿಗೆ ಹೇಳಿದ್ದು ಒಂದೇ: ಕಿಟಕಿಯೊಂದು ಹಠ ಮಾಡಿದರೆ ಅದಕ್ಕೆ ಉತ್ತರ ಕೊಡಬೇಡ, ಗೋಡೆಯಿಂದ ತಂತಿ ಕೀಳು, ಆಮೇಲೆ ನನ್ನನ್ನು ಕರೆ. "ಕಂಪ್ಯೂಟರ್ ಹಾಳಾಗಲ್ವಾ?" ಎಂದಳು. ಹಾಳಾಗುವುದಿಲ್ಲ ಎಂದೆ.

ಕತ್ತಲಾದ ಮೇಲೆ ಮೋಡೆಮಿನ ಸ್ಪೀಕರನ್ನು ಪೂರ್ತಿ ಏರಿಸಿ, ತಂತಿ ಸಿಕ್ಕಿಸಿ, ನಾನೇ ಮಾಡಿದ ಐಕಾನಿನಿಂದ ಡಯಲ್ ಮಾಡಿದೆ. ಇಂಟರ್ನೆಟ್ ಕೊಡುವವರ ಸಂಖ್ಯೆಯನ್ನು ತಂಗಿ ಅಷ್ಟರಲ್ಲಿ ಒಂದು ಚೀಟಿಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿದ್ದಳು. ಮೋಡೆಮ್ ಕಿರುಚತೊಡಗಿದಾಗ ಅಪ್ಪ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು, ಸದ್ದು ಮುಗಿದು ಸಿಡಿ ದೀಪ ಹತ್ತುವವರೆಗೂ ನಿಂತಿದ್ದು ಹೋದರು. ಡಯಲ್‌ಅಪ್ ನಮ್ಮ ಮನೆಯಲ್ಲಿ ಇನ್ನೂ ಎರಡು ವರ್ಷ ಇತ್ತು. ಅಷ್ಟು ದಿನವೂ ತಂಗಿ ಡಯಲ್ ಮಾಡುವ ಮುನ್ನ ಪರದೆಯ ಮೇಲಿನ ಸಂಖ್ಯೆಯನ್ನು ಚೀಟಿಯ ಸಂಖ್ಯೆಯೊಡನೆ ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದಿ ಹೋಲಿಸುತ್ತಿದ್ದಳು, ಕೊನೆಯ ಅಂಕಿ ಸರಿಹೊಂದಿದ ಮೇಲೆಯೇ 'ಕನೆಕ್ಟ್' ಒತ್ತುತ್ತಿದ್ದಳು.